ಉಸ್ತಾ ದಸೂಕಿಯ ಕಿವಿ ಮತ್ತು ಮೂರನೇ ಸಿಲಿಂಡರ್

ನಮ್ಮೂರು ದಮನ್ಹೂರ್‌ನಲ್ಲಿ ಕಾಲುವೆಯ ಆಚೆ ದಡದಲ್ಲಿ, ಹತ್ತಿ ಗೋದಾಮಿನ ಹಿಂದಿನ ಓಣಿಯಲ್ಲಿ ನನ್ನ ಸೋದರಮಾವ ಉಸ್ತಾ ದಸೂಕಿಯ ಗ್ಯಾರೇಜ್ ಇದೆ. ಕಸುಬಿನಲ್ಲಿ ಪಳಗಿದ ಮೇಸ್ತ್ರಿಯನ್ನು ನಮ್ಮಲ್ಲಿ ಉಸ್ತಾ ಎನ್ನುತ್ತಾರೆ. ಬೋರ್ಡು ಇಲ್ಲ. ಮೂವತ್ನಾಲ್ಕು ವರ್ಷದಿಂದ ಅದೇ ಜಾಗದಲ್ಲಿ ಇರುವುದರಿಂದ ಬೋರ್ಡು ಬೇಕೆಂದು ಯಾರಿಗೂ ಅನ್ನಿಸಿಲ್ಲ. ಅಲೆಕ್ಸಾಂಡ್ರಿಯಾಕ್ಕೆ ಜನರನ್ನು ಸಾಗಿಸುವ ಏಳು ಸೀಟಿನ ಹಳೇ ಬೀಜೋ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಾವನ ಕೈಯಿಂದಲೇ ರಿಪೇರಿಯಾಗಿ ಹೋದವು.

ಮಾವ ಇಂಜಿನ್ನನ್ನು ನೋಡುವುದಿಲ್ಲ, ಕೇಳುತ್ತಾರೆ. ಒಂದೂವರೆ ಅಡಿಯ ಕಸಬರಿಗೆ ಕೋಲಿನ ತುಂಡೊಂದು ಅವರ ಹತ್ತಿರ ಇದೆ. ಅದರ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಗ ಓಣಿಯಲ್ಲಿ ಯಾರಾದರೂ ಕೆಮ್ಮಿದರೂ ಬೈಗುಳ ಬೀಳುತ್ತದೆ. ಆಮೇಲೆ ಕೋಲು ಇಳಿಸಿ, "ಎರಡನೇದರ ವಾಲ್ವು," ಎನ್ನುತ್ತಾರೆ. ಬಿಚ್ಚಿ ನೋಡಿದರೆ ಎರಡನೆಯದರ ವಾಲ್ವೇ ಆಗಿರುತ್ತದೆ. ಅವರು ತಪ್ಪಿದ್ದೇ ಇಲ್ಲ ಎಂದು ನಾನು ಹೇಳಲಾರೆ. ಎರಡು ಸಲ ತಪ್ಪಿದ್ದು ನನಗೆ ಗೊತ್ತಿದೆ, ಎರಡು ಸಲವೂ ಅವರಿಗೆ ಜ್ವರ ಇತ್ತು.

ಅವರ ಕೋಪದ ಬಗ್ಗೆಯೂ ಹೇಳಬೇಕು. ಸ್ಕ್ರೂ ಕೆಳಗೆ ಬಿದ್ದರೆ ಸ್ಕ್ರೂಗೆ ಬೈಯುತ್ತಾರೆ. ಚಹಾ ಆರಿದರೆ ಚಹಾಕ್ಕೆ ಬೈಯುತ್ತಾರೆ. ಅತ್ತೆ ಇನ್‌ಶಿರಾಹ್ ಅದಕ್ಕೆಲ್ಲ ಕಿವಿ ಕೊಡುವುದಿಲ್ಲ. "ಅವರು ಸುಮ್ಮನಿದ್ದ ದಿನ ನಂಗೆ ಭಯ ಆಗುತ್ತೆ," ಎನ್ನುತ್ತಾರೆ. ಕಳೆದ ಚಳಿಗಾಲದಲ್ಲಿ ಅಂಥ ದಿನಗಳು ಬಂದವು. ಅದನ್ನೇ ಬರೆಯುತ್ತಿದ್ದೇನೆ.

ಹಾಜಿ ಮಿತ್ವಲ್ಲಿಯವರ ಬೀಜೋದ ಇಂಜಿನ್ನನ್ನು ಮಾವ ಪೂರ್ತಿ ಬಿಚ್ಚಿ, ಪಿಸ್ಟನ್ ರಿಂಗು, ಬೇರಿಂಗು, ವಾಲ್ವು, ಪ್ಲಗ್ ವೈರು ಎಲ್ಲವನ್ನೂ ಹೊಸದು ಹಾಕಿ, ಹದಿನೇಳು ದಿನ ಕೂತು ಕಟ್ಟಿಕೊಟ್ಟಿದ್ದರು. ಶನಿವಾರ ಕಾರು ಹೋಯಿತು. ಸೋಮವಾರ ವಾಪಸ್ ಬಂತು.

"ಉಸ್ತಾ, ಮಿಸ್ ಹೊಡೀತಿದೆ," ಎಂದರು ಹಾಜಿ. ಅವರು ಅರವತ್ತರ ಹತ್ತಿರದ, ದಪ್ಪ ಮೀಸೆಯ, ಮೆದು ಮಾತಿನ ಮನುಷ್ಯ.

"ಯಾವುದು?"

"ಇಂಜಿನ್ನು. ನಾಲ್ಕು ಸಿಲಿಂಡರಲ್ಲಿ ಒಂದು ಕೆಲಸಾನೇ ಮಾಡ್ತಿಲ್ಲ. ಕುಂಟು ಕತ್ತೆ ಮೇಲೆ ಕೂತ ಹಾಗಾಗುತ್ತೆ. ಹಿಂದಿನ ಸೀಟಿನ ಹೆಂಗಸರು ಹೊಟ್ಟೆ ಹಿಡ್ಕೊಂಡು ಕೂತಿದ್ರು."

ಮಾವ ಕೋಲು ಇಟ್ಟು ಕೇಳಿದರು. ಇಂಜಿನ್ ಹೊಲಿಗೆ ಮೆಷಿನ್ನಿನ ಹಾಗೆ ಓಡುತ್ತಿತ್ತು.

"ಎಲ್ಲಿ ಕುಂಟ್ತಿದೆ?"

"ಈಗ ಕುಂಟ್ತಿಲ್ಲ."

"ಮತ್ತೆ?"

"ಬೆಳಿಗ್ಗೆ ಕುಂಟ್ತಿತ್ತು."

"ಬೆಳಿಗ್ಗೆ ಕುಂಟಿದ್ದನ್ನ ಈಗ ನಾನು ಹೇಗಯ್ಯಾ ಹಿಡೀಲಿ? ನಿನ್ನೆ ಹೋದ ರೈಲನ್ನ ಹಿಡಿ ಅಂದ ಹಾಗಾಯ್ತು. ಇಲ್ಲಿಂದ ಹೋದಮೇಲೆ ಇದಕ್ಕೆ ಯಾರಾದ್ರೂ ಕೈ ಹಾಕಿದ್ರಾ?"

"ಯಾರೂ ಇಲ್ಲ, ಉಸ್ತಾ," ಎಂದು ಹಾಜಿ ನೆಲ ನೋಡಿದರು.

ಹಾಗೆ ಶುರುವಾದದ್ದು ಹನ್ನೊಂದು ದಿನ ನಡೆಯಿತು. ಕಾರು ಓಡಿದ ಪ್ರತಿ ದಿನವೂ ಒಂದೇ ಕಥೆ. ಬೆಳಗಿನ ಜಾವ, ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಸ್ಟ್ಯಾಂಡಿನಲ್ಲಿ ಇಂಜಿನ್ ಕುಂಟುತ್ತದೆ. ಅಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಹಾಜಿ ಪೇಟೆಯ ಗದ್ದಲದಲ್ಲಿ ನುಸುಳಿ, ಸೇತುವೆ ದಾಟಿ, ಇಪ್ಪತ್ತು ನಿಮಿಷದಲ್ಲಿ ಗ್ಯಾರೇಜಿಗೆ ಬರುವ ಹೊತ್ತಿಗೆ ಅದು ಏನೂ ಅರಿಯದಂತೆ ನೆಟ್ಟಗಾಗಿರುತ್ತದೆ.

ಮಾವ ಒಂದೊಂದಾಗಿ ನೋಡುತ್ತ ಹೋದರು. ಎರಡನೇ ದಿನ ನಾಲ್ಕೂ ಪ್ಲಗ್ಗು ಬದಲಾಯಿಸಿದರು. ಆ ಕಾರಿನಲ್ಲಿ ಪ್ಲಗ್ಗುಗಳು ಇಂಜಿನ್ನಿನ ನೆತ್ತಿಯಲ್ಲಿ ನಾಲ್ಕು ಆಳದ ಗುಂಡಿಗಳೊಳಗೆ ಕೂತಿರುತ್ತವೆ. ಮೂರನೆಯದು ಹೊರಗೆ ಬಂದಾಗ ಅದರ ಬಿಳಿ ಪಿಂಗಾಣಿಯ ಮೇಲೆ ಕಂದು ಕೊಳೆ ಇತ್ತು. "ಯಾವ ಕೊಚ್ಚೇಲಿ ಓಡಿಸ್ತೀಯ ಇದನ್ನ?" ಎಂದು ಬೈದು ಅದನ್ನು ಮೂಲೆಗೆ ಎಸೆದರು. ಮೂರನೇ ದಿನ ಕಾರ್ಬುರೇಟರ್ ಬಿಚ್ಚಿ ತೊಳೆದರು. ನಾಲ್ಕನೇ ದಿನ ಡಿಸ್ಟ್ರಿಬ್ಯೂಟರಿನ ಪಾಯಿಂಟು ಬದಲಾಯಿಸಿದರು. ಐದನೇ ದಿನ ನಾಲ್ಕೂ ಸಿಲಿಂಡರಿನ ಒತ್ತಡ ಅಳೆದರು. ನಾಲ್ಕೂ ಸರಿಯಾಗಿತ್ತು. ಆರು ಮತ್ತು ಏಳನೇ ದಿನ ಕಾರನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡು ಬೆಳಿಗ್ಗೆ ಎದ್ದ ಕೂಡಲೇ ಚಾಲೂ ಮಾಡಿದರು. ಒಲೆಯ ಬಿಸಿಯಿದ್ದ ಆ ಬೆಚ್ಚಗಿನ ಗ್ಯಾರೇಜಿನಲ್ಲಿ ಅದು ಎರಡು ಬೆಳಿಗ್ಗೆಯೂ ಒಂದು ಸಲವೂ ತಪ್ಪಲಿಲ್ಲ. ಎಂಟನೇ ದಿನ ಸ್ಟ್ಯಾಂಡಿಗೆ ಹೋಯಿತು. ಮತ್ತೆ ಕುಂಟಿತು.

"ಇದು ಕಾರಲ್ಲ, ನಾಟಕದ ಕಂಪನಿ," ಎಂದು ಮಾವ ಸ್ಪ್ಯಾನರನ್ನು ಗೋಡೆಗೆ ಎಸೆದರು.

"ಕಣ್ಣು ಬಿದ್ದಿರಬೇಕು, ಉಸ್ತಾ," ಎಂದರು ಹಾಜಿ ಮೆಲ್ಲಗೆ. ಕಾರಿನೊಳಗೆ ಅವರು ಧೂಪ ಹಾಕಲು ಶುರು ಮಾಡಿದ್ದರು. ಸೀಟಿನ ಬಟ್ಟೆಯೆಲ್ಲ ಘಾಟು.

"ಯಾರ ಕಣ್ಣಯ್ಯಾ?"

ಹಾಜಿ ಮಾವನ ಮುಖ ನೋಡಿದರು. ಆಮೇಲೆ ಬೇಗನೆ ಬೇರೆ ಕಡೆ ನೋಡಿದರು. "ನಂಗೇನು ಗೊತ್ತು."

"ಕಣ್ಣು ಬೀಳೋದಾದ್ರೆ ಅಲೆಕ್ಸಾಂಡ್ರಿಯಾ ತನಕ ಬೀಳಬೇಕು. ಸೇತುವೆ ದಾಟಿದ ತಕ್ಷಣ ಎದ್ದು ಹೋಗೋ ಕಣ್ಣು ಯಾವುದು? ಆ ಹೊಗೆ ಆರಿಸು, ನನ್ನ ಮೂಗು ಉರೀತಿದೆ!"

ಇಷ್ಟೇ ಆಗಿದ್ದರೆ ಮಾವ ಬೈದುಕೊಂಡೇ ಇರುತ್ತಿದ್ದರು, ಅತ್ತೆಯೂ ನೆಮ್ಮದಿಯಾಗಿರುತ್ತಿದ್ದರು. ಆದರೆ ಸ್ಟ್ಯಾಂಡಿನ ಮಾತು ಸೇತುವೆ ದಾಟಿ ಬಂತು. ಅಲ್ಲಿ ಚಹಾದಂಗಡಿಯ ಪಕ್ಕ ಹಮ್ದಿ ಎಂಬ ಮೆಕ್ಯಾನಿಕ್ ಎರಡು ವರ್ಷದ ಹಿಂದೆ ಟೈಲ್ಸ್ ಹಾಕಿಸಿದ ಗ್ಯಾರೇಜ್ ತೆರೆದಿದ್ದ. ಅವನು ಕೆಟ್ಟವನಲ್ಲ. ದನಿ ಮಾತ್ರ ದೊಡ್ಡದು. "ಉಸ್ತಾ ದಸೂಕಿಗೆ ವಯಸ್ಸಾಯ್ತು, ಕಿವಿ ಹೋಗಿದೆ," ಎಂದು ಅವನು ಹೇಳಿದ್ದು ಮೂರು ದಿನದಲ್ಲಿ ಎಲ್ಲ ಡ್ರೈವರುಗಳ ಬಾಯಿಗೆ ಬಂತು. ಗುರುವಾರ ಬೆಳಗಿನೊಳಗೆ ಕಾರು ಸರಿಯಾಗದಿದ್ದರೆ ಅದನ್ನು ಎಳೆದುಕೊಂಡು ಹೋಗಿ ಇಂಜಿನ್ನಿನ ನೆತ್ತಿಯ ಹೆಡ್ ಬಿಚ್ಚುತ್ತೇನೆ ಎಂದ. ಹಾಜಿ ಒಪ್ಪಿದರು. ಅವರಾದರೂ ಏನು ಮಾಡಿಯಾರು, ಅಷ್ಟು ದಿನ ಏಳು ಸೀಟಿನಲ್ಲಿ ಮೂರು ಜನವೂ ಹತ್ತುತ್ತಿರಲಿಲ್ಲ.

ಮಾವ ಕಟ್ಟಿದ ಇಂಜಿನ್ನಿನ ಹೆಡ್ಡನ್ನು ಹದಿನೈದು ದಿನದೊಳಗೆ ಇನ್ನೊಬ್ಬ ಬಿಚ್ಚಿದರೆ ಅದರ ಅರ್ಥ ಒಂದೇ, ಕಟ್ಟಿದ್ದೇ ಸರಿಯಿರಲಿಲ್ಲ ಎಂದು. ಆಮೇಲೆ ಆ ಸ್ಟ್ಯಾಂಡಿನಿಂದ ಯಾವ ಕಾರೂ ಸೇತುವೆ ದಾಟುವುದಿಲ್ಲ.

ಆದರೆ ಮಾವನನ್ನು ಸುಮ್ಮನಾಗಿಸಿದ್ದು ಅದಲ್ಲ. ಹಮ್ದಿ ಹೇಳಿದ್ದು ನಿಜವಿರಬಹುದು ಎಂಬ ಭಯ. ಮಂಗಳವಾರ ಊಟಕ್ಕೆ ಕೂತಾಗ ಅವರು ಅತ್ತೆಗೆ, "ನನ್ನ ಬೆನ್ನ ಹಿಂದೆ ಒಂದು ಚಮಚ ಬೀಳಿಸು," ಎಂದರು.

"ಯಾಕೆ?"

"ಬೀಳಿಸು ಅಂದ್ರೆ ಬೀಳಿಸು."

ಅತ್ತೆ ಬೀಳಿಸಿದರು.

"ದೊಡ್ಡದಾ ಸಣ್ಣದಾ?"

"ನೀವೇ ಹೇಳಿ."

"ಸಣ್ಣದು."

ಅದು ದೊಡ್ಡ ಚಮಚವೇ ಆಗಿತ್ತು. ನಾನು ಎದುರಿಗೇ ಕೂತಿದ್ದೆ. ಅತ್ತೆ ನನ್ನನ್ನೊಮ್ಮೆ ನೋಡಿ, "ಹೌದು, ಸಣ್ಣದು," ಎಂದರು. ಮಾವ ತಿರುಗಿ ನೆಲದ ಮೇಲಿನ ಚಮಚ ನೋಡಿದರು. ತಟ್ಟೆಯಲ್ಲಿದ್ದ ಕೆಸುವಿನ ಗಡ್ಡೆಯ ಸಾರು ಆರಿತು. ಅದಕ್ಕೂ ಬೈಯಲಿಲ್ಲ.

ಬುಧವಾರ ಸಂಜೆ ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು. ನಮ್ಮ ಕಡೆ ಚಳಿಗಾಲದ ಬೆಳಗಿನ ಮಂಜಿಗೆ ಅವರ ಮಂಡಿ ಹಿಡಿದುಕೊಳ್ಳುತ್ತದೆ.

"ಡಾಕ್ಟ್ರು ಏನಂದ?" ಎಂದು ಕೇಳಿದರು ಮಾವ.

"ಅವನೇನಂತಾನೆ? ಮಧ್ಯಾಹ್ನ ಎರಡು ಗಂಟೆಗೆ ನೋಡ್ತಾನೆ, ಆ ಕಡೆ ಈ ಕಡೆ ಮಡಚ್ತಾನೆ, ಏನೂ ಇಲ್ಲ ತಾಯಿ ಅಂತಾನೆ. ಮಂಜಲ್ಲಿ ನೋಯೋ ಮಂಡೀನ ಬಿಸಿಲಲ್ಲಿ ನೋಡಿದ್ರೆ ಅವನಿಗೆ ಏನು ಕಾಣುತ್ತೆ? ಬೆಳಿಗ್ಗೆ ನಮ್ಮನೆಗೆ ಬಾರಪ್ಪಾ ಅಂದ್ರೆ, ದೊಡ್ಡ ಮನುಷ್ಯ, ಬರಲ್ಲ."

ಮಾವ ಸ್ವಲ್ಪ ಹೊತ್ತು ಅತ್ತೆಯ ಮಂಡಿಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯಲ್ಲಿ ಉಪಕರಣ ಜೋಡಿಸತೊಡಗಿದರು.

ಇದು ಸಣ್ಣ ಸಂಗತಿಯಲ್ಲ. ಮೂವತ್ನಾಲ್ಕು ವರ್ಷದಲ್ಲಿ ಮಾವ ಒಮ್ಮೆಯೂ ಸ್ಟ್ಯಾಂಡಿಗೆ ಹೋಗಿ ಕಾರು ನೋಡಿದವರಲ್ಲ. ಕಾರು ಉಸ್ತಾನ ಹತ್ತಿರ ಬರಬೇಕು. ಪೆಟ್ಟಿಗೆ ಹಿಡಿದುಕೊಂಡು ಕಾರಿನ ಹಿಂದೆ ಹೋಗುವವನು ಪಂಕ್ಚರ್ ಹಾಕುವವನು. ಇದು ಅವರ ಮಾತು. ಅಲ್ಲಿಯ ತನಕ ದಿನವೂ "ತಗೊಂಡು ಬಾ" ಎಂದೇ ಹೇಳಿದ್ದರು.

ಗುರುವಾರ ನಸುಕಿನ ಫಜ್ರ್ ನಮಾಜು ಮುಗಿಸಿ ಹೊರಟರು. ಅತ್ತೆ ಚಹಾದ ಫ್ಲಾಸ್ಕ್ ಕೊಟ್ಟು ನನ್ನನ್ನು ಹಿಂದೆ ಕಳಿಸಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸೇತುವೆಯ ಮೇಲೆ ನಿಂತರೆ ಕಾಲುವೆಯ ನೀರು ಕಾಣುತ್ತಿರಲಿಲ್ಲ. ಸ್ಟ್ಯಾಂಡ್ ಇನ್ನೂ ನೂರು ಹೆಜ್ಜೆ ದೂರ ಇರುವಾಗ ಮಾವ ಒಮ್ಮೆಗೇ ನಿಂತುಬಿಟ್ಟರು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಪ್ರಯಾಣಿಕರನ್ನು ಕೂಗಿ ಕರೆಯುವವರ ದನಿ, ಚಹಾದಂಗಡಿಯ ರೇಡಿಯೋ, ಹತ್ತಾರು ಇಂಜಿನ್ನು, ಎಲ್ಲ ಕಲಸಿಕೊಂಡಿತ್ತು.

"ಕೇಳ್ತಿದ್ಯಾ?" ಎಂದರು ಮಾವ. "ಮೂರು ಹೊಡೆದು ಒಂದು ಬಿಡ್ತಿದೆ. ಮೂರು ಹೊಡೆದು ಒಂದು ಬಿಡ್ತಿದೆ." ಆಮೇಲೆ ಸರಸರನೆ ನಡೆದರು. ನಾನು ಓಡಬೇಕಾಯಿತು.

ಹಾಜಿಯ ಕಾರಿನ ಸುತ್ತ ಎಂಟು-ಹತ್ತು ಡ್ರೈವರುಗಳು ಚಹಾ ಹಿಡಿದು ನಿಂತಿದ್ದರು. ಹಮ್ದಿ ಎಳೆದೊಯ್ಯುವ ಹಗ್ಗವನ್ನು ಮುಂದಿನ ಬಂಪರಿಗೆ ಕಟ್ಟುತ್ತಿದ್ದ. ಒಳಗೆ ಆಗಲೇ ಐದು ಜನ ಪ್ರಯಾಣಿಕರು ಕೂತಿದ್ದರು, ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

"ಹಗ್ಗ ಬಿಚ್ಚು," ಎಂದರು ಮಾವ.

"ಬನ್ನಿ ಉಸ್ತಾ, ಬನ್ನಿ," ಎಂದ ಹಮ್ದಿ. "ಬೀಳ್ಕೊಡೋಕೆ ಬಂದ್ರಾ?"

"ಬಾನೆಟ್ ಎತ್ತು. ಇಂಜಿನ್ ಆರಿಸಬೇಡ ಹಾಜಿ, ಆರಿಸಿದ್ರೆ ನಿನ್ನ ಮೀಸೆ ಕಿತ್ತುಬಿಡ್ತೀನಿ."

ಮಾವ ಕೈಗೆ ಒಣ ಬಟ್ಟೆ ಸುತ್ತಿಕೊಂಡು ಒಂದನೇ ಪ್ಲಗ್ಗಿನ ವೈರು ಎಳೆದರು. ಇಂಜಿನ್ ಕುಸಿದು ಇನ್ನಷ್ಟು ಅಲುಗಾಡಿತು. ವಾಪಸ್ ಸಿಕ್ಕಿಸಿದರು. ಎರಡನೆಯದು ಎಳೆದರು, ಮತ್ತೆ ಕುಸಿಯಿತು. ಮೂರನೆಯದು ಎಳೆದರು. ಇಂಜಿನ್ನಿಗೆ ಏನೂ ಆಗಲಿಲ್ಲ. ಹಾಗೇ ಕುಂಟುತ್ತಿತ್ತು. ಬೇಕೆಂದೇ ನಾಲ್ಕನೆಯದನ್ನೂ ನೋಡಿದರು. ಕುಸಿಯಿತು.

"ಮೂರು," ಎಂದರು.

"ಮೂರು ಅಂತ ನಾನೂ ಹೇಳ್ತಿದ್ದೆ," ಎಂದ ಹಮ್ದಿ. "ವಾಲ್ವು ಸರಿಯಾಗಿ ಕೂತಿಲ್ಲ. ಹೆಡ್ ಬಿಚ್ಚಬೇಕು."

"ಬಿಚ್ಚೋನು ಆಮೇಲೆ ಬಿಚ್ತಾನೆ. ಈಗ ದೀಪ ಹಿಡಿ."

ಮಾವ ಇಂಜಿನ್ ಆರಿಸಿ, ಒಂದರ ಪ್ಲಗ್ಗನ್ನು ಮೂರಕ್ಕೆ ಹಾಕಿ, ಮತ್ತೆ ಚಾಲೂ ಮಾಡಿಸಿದರು. ಮೂರೇ ಸತ್ತಿತ್ತು. ಅಂದರೆ ಪ್ಲಗ್ಗು ಅಲ್ಲ. ಉಳಿದದ್ದು ವೈರುಗಳು. ಹನ್ನೊಂದು ದಿನದಲ್ಲಿ ಅವರು ಅನುಮಾನಿಸದೇ ಇದ್ದದ್ದು ಅದೊಂದನ್ನೇ, ಯಾಕೆಂದರೆ ಅವು ಹೊಸವು, ತಾವೇ ಹಾಕಿದವು. ಒಂದರ ವೈರನ್ನು ಮೂರಕ್ಕೂ, ಮೂರರ ವೈರನ್ನು ಒಂದಕ್ಕೂ ಬದಲಾಯಿಸಿದರು. ಉದ್ದ ಸಾಲದೆ ಎಳೆದು ಸಿಕ್ಕಿಸಬೇಕಾಯಿತು.

ಇಂಜಿನ್ ಚಾಲೂ ಆಯಿತು. ಮತ್ತೆ ಒಂದೊಂದೇ ಎಳೆದು ನೋಡಿದರು. ಈಗ ಮೂರು ಬದುಕಿತ್ತು. ಒಂದು ಸತ್ತಿತ್ತು.

ಹಮ್ದಿಯ ಕೈಯಲ್ಲಿದ್ದ ದೀಪ ಸ್ವಲ್ಪ ಕೆಳಗಿಳಿಯಿತು. ವಾಲ್ವು ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ನಡೆದು ಹೋಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಮಾವ ಆ ವೈರನ್ನು ಕಳಚಿ, ಅದರ ತುದಿಯಲ್ಲಿ ಗುಂಡಿಯೊಳಗೆ ಇಳಿದು ಪ್ಲಗ್ಗನ್ನು ಕಚ್ಚಿ ಹಿಡಿಯುವ ಉದ್ದದ ಕರಿ ಕೊಳವೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಪಿನ್ನಿನಿಂದ ಕೆರೆದಾಗ ಕಂದು ಹಕ್ಕಳೆ ಅಂಗೈಗೆ ಉದುರಿತು. ಬೆರಳು ಒದ್ದೆ ಮಾಡಿ ಅದನ್ನು ಉಜ್ಜಿದರು. ಅಂಗೈ ಕೆಂಪಾಯಿತು. ಮೂಸಿ ನೋಡಿದರು. ಆಮೇಲೆ ತಲೆಯೆತ್ತಿ ಹಾಜಿಯನ್ನು ನೋಡಿದರು.

ನಮ್ಮಲ್ಲಿ ಹೊಸ ಕಾರು ಕೊಂಡರೆ, ಇಂಜಿನ್ ಹೊಸದಾಗಿ ಕಟ್ಟಿಸಿದರೆ ಕುರಿ ಕಡಿಯುತ್ತಾರೆ. ಅಂಗೈಯನ್ನು ರಕ್ತದಲ್ಲಿ ಅದ್ದಿ ಕಾರಿನ ಮೇಲೆ ಒತ್ತಿದರೆ ಕಣ್ಣು ಬೀಳುವುದಿಲ್ಲ. ಆ ಮಾಂಸದಲ್ಲಿ ಮೊದಲ ಪಾಲು ಇಂಜಿನ್ ಕಟ್ಟಿದವನಿಗೆ, ಆಮೇಲಿನದು ಜೊತೆಯ ಡ್ರೈವರುಗಳಿಗೆ. ಹಾಜಿಯ ಕಾರಿನ ಮೇಲೆ ಅಂಗೈ ಗುರುತು ಇರಲಿಲ್ಲ. ಯಾರ ಮನೆಗೂ ಪಾಲು ಹೋಗಿರಲಿಲ್ಲ. ಕುರಿಯನ್ನು ಹಬ್ಬಕ್ಕೆ ಕಡಿಯುತ್ತೇನೆ ಎಂದು ಅವರು ಎಲ್ಲರಿಗೂ ಹೇಳಿದ್ದರು.

"ಏನದು ಉಸ್ತಾ?" ಎಂದು ಒಬ್ಬ ಡ್ರೈವರ್ ಕೇಳಿದ.

ಮಾವ ಅಂಗೈ ಮುಚ್ಚಿಕೊಂಡರು. ಕುರಿ ಕಡಿದು ಪಾಲು ಕೊಡದವನು ಎಂಬ ಮಾತು ಒಬ್ಬನ ಬೆನ್ನಿಗೆ ಅಂಟಿದರೆ ಅವನ ಮಕ್ಕಳ ಮದುವೆಯ ತನಕ ಹೋಗುವುದಿಲ್ಲ. ಮಾವನ ಕತ್ತಿನ ನರ ಉಬ್ಬಿತ್ತು. ಅವರು ಕೂಗದೇ ಇರಲು ಎಷ್ಟು ಕಷ್ಟಪಡುತ್ತಿದ್ದಾರೆಂದು ನನಗೆ ಕಾಣುತ್ತಿತ್ತು.

"ಕೊಳೆ," ಎಂದರು ಕೊನೆಗೆ. "ವೈರಿನೊಳಗೆ ಕೊಳೆ ಕೂತಿದೆ. ಮಂಜಿಗೆ ಒದ್ದೆಯಾದಾಗ ಕಿಡಿಯೆಲ್ಲ ಇದರ ಮೇಲೆ ಹರಿದು ಇಂಜಿನ್ ಮೈಗೆ ಹೋಗಿಬಿಡುತ್ತೆ, ಪ್ಲಗ್ಗಿಗೆ ಸಿಗಲ್ಲ. ಇಂಜಿನ್ ಬಿಸಿಯಾದ್ರೆ ಇದು ಒಣಗುತ್ತೆ, ಆಗ ಎಲ್ಲ ಸರಿ."

"ವೈರು ಹಾಕಿದ್ದು ಯಾರು?" ಎಂದ ಹಮ್ದಿ.

"ನಾನು."

"ಅಂದ್ರೆ ಕೊಳೆ ವೈರು ಹಾಕಿ ಕಟ್ಟಿದ್ದೀರ. ಅದನ್ನ ಹುಡುಕೋಕೆ ಹನ್ನೊಂದು ದಿನ. ತಪ್ಪು ತಿಳ್ಕೋಬೇಡಿ ಉಸ್ತಾ, ನಾನು ಹೇಳಿದ್ದೂ ಅದೇ ಅಲ್ವಾ?"

ಯಾರೋ ನಕ್ಕರು. ಮಾವ ಹಾಜಿಯ ಕಡೆ ನೋಡದೆ, ಪೆಟ್ಟಿಗೆಯಿಂದ ಬೇರೆ ವೈರು ತೆಗೆದು ಬಾಗಿದರು.

"ಉಸ್ತಾನ ತಪ್ಪಲ್ಲ," ಎಂದರು ಹಾಜಿ.

ಮೊದಲ ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಮೀಸೆ ಒರೆಸಿಕೊಂಡು ಮತ್ತೆ ಹೇಳಿದರು. "ಅದು ರಕ್ತ. ಕಾರು ಮನೆಗೆ ಬಂದ ಮರುದಿನ, ಭಾನುವಾರ, ಕುರಿ ಕಡಿದೆ. ಬಾಗಿಲ ಮೇಲೆ ನಾನು ಕೈ ಒತ್ತಿದೆ. ನಮ್ಮಮ್ಮ ಬಟ್ಟಲು ಹಿಡ್ಕೊಂಡು ಬಂದು, ಹೊಸದಾಗಿದ್ದು ಇಂಜಿನ್ನು, ಬಾಗಿಲಲ್ಲ ಅಂತ ಬಾನೆಟ್ ಎತ್ತಿಸಿ ಅದರ ಮೇಲೇ ಸುರಿದ್ರು. ಆಮೇಲೆ ನಾನು ಎಲ್ಲ ಒರೆಸಿಬಿಟ್ಟೆ. ಗುಂಡಿಯೊಳಗೆ ಇಳಿದಿದ್ದು ಗೊತ್ತಾಗಲಿಲ್ಲ."

"ಒರೆಸಿದ್ದು ಯಾಕೆ?" ಎಂದ ಯಾರೋ.

ಹಾಜಿ ನೆಲ ನೋಡಿದರು. "ಕುರಿ ಚಿಕ್ಕದಿತ್ತು. ಹೆಂಡ್ತಿ ತವರಿನೋರು ಹದಿನಾಲ್ಕು ಜನ ಬಂದುಬಿಟ್ರು. ಪಾಲು ಉಳೀಲಿಲ್ಲ. ಗುರುತು ಕಂಡ್ರೆ ನೀವೆಲ್ಲ ಕೇಳ್ತೀರಲ್ಲ."

ಆಮೇಲೆ ಎಲ್ಲರೂ ಒಟ್ಟಿಗೇ ಶುರು ಮಾಡಿದರು.

"ನಮಗೆ ಮೂಳೆನೂ ಇಲ್ಲ, ಮೂರನೇ ಸಿಲಿಂಡರ್‌ಗೆ ಬಟ್ಟಲುಗಟ್ಟಲೆ!"

"ಅದಕ್ಕೇ ಅದು ಕೆಲಸ ಬಿಟ್ಟಿದ್ದು ಕಣೋ, ಹೊಟ್ಟೆ ತುಂಬಿ ನಿದ್ದೆ ಹೊಡೀತಿತ್ತು!"

"ಉಸ್ತಾನ ಕಣ್ಣೇ ಬಿದ್ದಿರಬೇಕು ಅಂದ್ಕೊಂಡಿದ್ದೆ," ಎಂದರು ಹಾಜಿ ಇನ್ನೂ ಮೆಲ್ಲಗೆ. "ಪಾಲು ಕಳಿಸಲಿಲ್ಲವಲ್ಲ, ಅದಕ್ಕೆ."

ಅಲ್ಲಿಗೆ ಮಾವನ ಬಾಯಿ ತೆರೆಯಿತು. "ನನ್ನ ಕಣ್ಣಾ! ಹನ್ನೊಂದು ದಿನ ನನ್ನ ಎದುರಿಗೆ ನಿಂತು ನನಗೇ ಧೂಪ ಹಾಕಿದ್ದೀಯಲ್ಲಯ್ಯಾ! ಮೊದಲನೇ ದಿನ ಕೇಳಿದೆ, ಯಾರಾದ್ರೂ ಕೈ ಹಾಕಿದ್ರಾ ಅಂತ. ಕುರಿ ಕಡಿದೆ ಅಂತ ಒಂದು ಮಾತು ಹೇಳಿದ್ರೆ ಹತ್ತು ನಿಮಿಷದ ಕೆಲಸ. ಮಾಂಸ ಯಾರಿಗೆ ಬೇಕಿತ್ತು? ನನ್ನ ಹಲ್ಲಿಗೆ ಬೀನ್ಸೇ ಕಷ್ಟ! ಹತ್ತು ರಾತ್ರಿ ನಿದ್ದೆ ಇಲ್ಲ, ಮುದುಕ ಮನೇಲಿ ಚಮಚ ಬೀಳಿಸಿಕೊಂಡು ಕೂತಿದ್ದೆ!"

ಬೈಯುತ್ತಲೇ ಇಂಜಿನ್ ಆರಿಸಿ ಹೊಸ ವೈರು ಸಿಕ್ಕಿಸಿದರು, ಬದಲಾಯಿಸಿದ್ದನ್ನೆಲ್ಲ ಮೊದಲಿನ ಜಾಗಕ್ಕೆ ತಂದರು. ಬೈಗುಳ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ಇಂಜಿನ್ ಮತ್ತೆ ಚಾಲೂ ಆದಾಗ ಸುತ್ತ ನಿಂತವರು ತಾವಾಗಿ ಮಾತು ನಿಲ್ಲಿಸಿದರು. ಮಂಜು ಹಾಗೇ ಇತ್ತು. ಇಂಜಿನ್ ಒಂದೇ ಸಮನೆ ಓಡುತ್ತಿತ್ತು.

ಮಾವ ಕಾರಿನ ಹಿಂದಕ್ಕೆ ಹೋಗಿ ಹಮ್ದಿಯನ್ನು ಕರೆದರು. "ಬಾ ಇಲ್ಲಿ. ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿ."

ಹಮ್ದಿ ಬಗ್ಗಿ ಹಿಡಿದ.

"ಎಣಿಸು."

ಅವನು ತುಟಿ ಅಲ್ಲಾಡಿಸುತ್ತ ಎಣಿಸಿದ. ಬಹಳ ಹೊತ್ತು, ಪ್ರಾಮಾಣಿಕವಾಗಿ ಎಣಿಸಿದ.

"ಎಲ್ಲಾದ್ರೂ ಬಿಡ್ತಿದೆಯಾ?"

"ಇಲ್ಲ, ಉಸ್ತಾ."

"ಜೋರಾಗಿ ಹೇಳು. ಇನ್ನೊಂದು ಮಾತನ್ನ ಜೋರಾಗೇ ಹೇಳಿದ್ಯಲ್ಲ."

ಹಮ್ದಿ ಎದ್ದು ನಿಂತು, ಮಸಿಯಾದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಎಲ್ಲೂ ಬಿಡ್ತಿಲ್ಲ!" ಎಂದು ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿದ. "ಉಸ್ತಾ ಕಟ್ಟಿದ ಇಂಜಿನ್ ಸರಿಯಾಗಿದೆ. ಕಿವಿನೂ ಸರಿಯಾಗಿದೆ!"

"ಕಿವಿ ವಿಷಯ ನಿನ್ನ ಕೇಳಿದ್ದು ಯಾರು?" ಎಂದರು ಮಾವ.

ಕಾರಿನ ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು. "ನಿಮ್ಮ ಕುರಿ, ನಿಮ್ಮ ಕಿವಿ ಎಲ್ಲ ಆಯ್ತಾ? ಎಂಟು ಗಂಟೆಗೆ ನಾನು ಅಲೆಕ್ಸಾಂಡ್ರಿಯಾದಲ್ಲಿ ಇರಬೇಕು!"

"ಇನ್ನೆರಡು ಸೀಟು!" ಎಂದು ಹಾಜಿ ಕೂಗಿದರು. ಇಬ್ಬರು ಬಂದು ಹತ್ತಿದರು.